ಸರ್ ರಿಂಗ್ ಹಿಡಿದು ನಿಂತ ಬೆಳಿಗ್ಗೆ

ಹೋದ ವಾರ ಸಾಲಿಯ ಕಪಾಟು ಸ್ವಚ್ಛ ಮಾಡುವಾಗ ಸೀಮೆಸುಣ್ಣದ ಚೂರುಗಳ ಡಬ್ಬಿ ಕೈಜಾರಿ ಬಿತ್ತು. ಬಿಳಿ ಪುಡಿ ಎದ್ದು ಆ ಒಣ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಡ್ರಿಲ್ ಮಾಸ್ತರು ನೆನಪಾದರು. ಜಿಮ್ನಾಸ್ಟಿಕ್ಸ್‌ನ ರಿಂಗ್ ಹಿಡಿಯುವ ಮುಂಚೆ ಕೈ ಜಾರದಿರಲೆಂದು ಅವರು ನಮ್ಮ ಅಂಗೈಗೆ ಇದನ್ನೇ ಕುಟ್ಟಿ ಹಚ್ಚಿಸುತ್ತಿದ್ದರು…

ನಮ್ಮದು ಬೀಳಗಿ ಕಡೆಯ, ಕೃಷ್ಣೆಯ ದಂಡೆಯ ಹಳ್ಳಿ. ಅಲ್ಲಿಯ ಸಾಲಿ ಬಯಲಿನಲ್ಲಿ ಸರ್ ಎರಡು ಕಬ್ಬಿಣದ ಕಂಬ ಹುಗಿದು, ಮೇಲೆ ಅಡ್ಡ ಕೊಳವೆ ಹಾಕಿ, ಹಗ್ಗದಲ್ಲಿ ಎರಡು ರಿಂಗ್ ಇಳಿಬಿಟ್ಟಿದ್ದರು. ಊರ ಬಡಿಗೇರ ಜಾಲಿ ಕಟ್ಟಿಗೆಯಲ್ಲಿ ಕೆತ್ತಿಕೊಟ್ಟ ರಿಂಗ್ ಅವು. ಈ ಆಟದಲ್ಲಿ ಗಂಡಸರಿಗಷ್ಟೇ ಸ್ಪರ್ಧೆ. ನಾನೂ ಕಲಿಯಲೇ ಎಂದು ಕೇಳಿದ ದಿನ ಸರ್ ನನ್ನನ್ನು ಒಮ್ಮೆ ನೋಡಿದರು.

"ಹುಡಿಗ್ಯಾರಿಗೆ ಸ್ಪರ್ಧಾ ಇಲ್ಲವ್ವಾ. ತೋಳು ಅದಾವಲ್ಲ? ಹಿಡಿ."

ಆಮೇಲೆ ಆಲಮಟ್ಟಿಯ ಹಿನ್ನೀರು ಬಂತು, ಮುಳುಗುವ ಊರು ಜಾಗ ಬಿಟ್ಟು ಎದ್ದಿತು. ಜನ ಬಾಗಿಲು, ತೊಲೆ, ಬೀಸುಕಲ್ಲು ಟ್ರ್ಯಾಕ್ಟರಿಗೆ ಹೇರಿದರು. ಸರ್ ಕಂಬ ಕಿತ್ತು ಹೇರಿದರು. ಪುನರ್ವಸತಿ ಕೇಂದ್ರದಲ್ಲಿ ಸಾಲಿಗೆಂದು ಬಯಲು ಬಿಟ್ಟಿದ್ದರು. ಆದರೆ ವರ್ಷ ತುಂಬುವುದರೊಳಗೆ ಅಲ್ಲಿ ಅಂಗಡಿ ಸಾಲು ಕಟ್ಟುವ ಮಾತು ಹುಟ್ಟಿತು. ಸರ್ ಯಾರನ್ನೂ ಕೇಳದೆ ಬಯಲಿನ ನಟ್ಟನಡುವೆ ಕಂಬ ಹುಗಿದುಬಿಟ್ಟರು.

ಒಂದು ಬೆಳಿಗ್ಗೆ, ಪ್ರಾರ್ಥನೆಗೆ ನಿಂತಿದ್ದೆವು. ಅಳತೆಯ ಸಾಹೇಬರೊಬ್ಬರು ನಾಲ್ಕು ಆಳು ಕರೆದುಕೊಂಡು ಬಂದು ಕಂಬ ಕೀಳಲು ಹೇಳಿದರು. ಸರ್ ಜಗಳ ತೆಗೆಯಲಿಲ್ಲ. ಅಂಗಿ ಬಿಚ್ಚಿಟ್ಟು, ಜಿಗಿದು ರಿಂಗ್ ಹಿಡಿದು, ಮೈ ಮೇಲೆತ್ತಿ, ನೆಟ್ಟಗೆ ಮಾಡಿದ ತೋಳಿನ ಮೇಲೆ ನಿಂತರು.

"ಇಳೀರಿ ಮಾಸ್ತರ."

"ಕೀಳೂದಾದ್ರ ನನ್ನ ಸಮೇತ ಕೀಳ್ರಿ ಸಾಹೇಬ್ರ."

ಐವತ್ತು ದಾಟಿದ ಮೈ. ಕೊರಳ ನರ ಉಬ್ಬಿದ್ದವು, ಹಗ್ಗ ನಡುಗುತ್ತಿತ್ತು. ಇನ್ನೇನು ಇಳಿಯುತ್ತಾರೆ ಅಂದುಕೊಂಡೆವು. ಅವರು ನಿಧಾನವಾಗಿ ಎರಡೂ ತೋಳು ಪಕ್ಕಕ್ಕೆ ಚಾಚಿ, ಶಿಲುಬೆಯ ಹಾಗೆ ನಿಂತರು. ಅದು ಎಂಥ ಕಷ್ಟದ ಪಟ್ಟು ಎಂದು ನಮಗೆ ಗೊತ್ತಿತ್ತು. ಎರಡೇ ಸೆಕೆಂಡು… ಬಲಗೈ ಜಾರಿ, ಭುಜ ಕೆಳಗಾಗಿ ಬಿದ್ದರು.

ಆಳುಗಳು ಹಾರೆ ಎತ್ತಿದರು. ನನಗೆ ಎಲ್ಲಿಂದ ಧೈರ್ಯ ಬಂತೋ, ಓಡಿಹೋಗಿ ಗೆಳತಿಯೊಬ್ಬಳ ಹೆಗಲೇರಿ ರಿಂಗ್ ಹಿಡಿದೆ. ನನ್ನ ತೋಳು ಸೋತಾಗ ಅವಳು ಹಿಡಿದಳು, ಅವಳ ನಂತರ ಇನ್ನೊಬ್ಬಳು. ಯಾರೂ ಹೇಳಿಕೊಟ್ಟಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವ್ವಂದಿರು ಬಂದು ಕಂಬದ ಸುತ್ತ ಕುಂತುಬಿಟ್ಟರು. "ಮ್ಯಾಲಿನವ್ರಿಗೆ ಬರೀತೀನಿ" ಎಂದು ಸಾಹೇಬರು ಜೀಪು ಹತ್ತಿದರು. ಬರೆದರೋ ಇಲ್ಲವೋ, ಅಂಗಡಿಗಳು ರಸ್ತೆಯ ಆಚೆ ಎದ್ದವು. ಬಯಲು ಉಳಿಯಿತು.

ಸರ್ ಅವರ ಬಲಭುಜ ಮಾತ್ರ ಸರಿಹೋಗಲಿಲ್ಲ. ಎಷ್ಟೋ ವರ್ಷದ ಮೇಲೆ ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಚೀಲ ಎಡಗೈಯಲ್ಲಿತ್ತು. "ಅವತ್ತ ಹಂಗ ಮಾಡಬಾರದಿತ್ರಿ ಸರ್" ಎಂದೆ.

ಸಿಟ್ಟಿಗೆದ್ದರು. "ಎರಡ ಸೆಕೆಂಡ್ ನಿಂತಿದ್ನೋ ಇಲ್ಲೋ? ಅದನ್ನ ಹೇಳು."

"ನಿಂತಿದ್ರಿ ಸರ್."

"ಮತ್ತ?"

ಅದೇ ಕಡೆಯ ಭೇಟಿ. ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ದಿವಸದ ಕಾರ್ಯ ಎಲ್ಲ ಮುಗಿದ ಮೇಲೆ…

ನಾನೀಗ ಬನಹಟ್ಟಿಯ ಸಾಲಿಯೊಂದರಲ್ಲಿ ಡ್ರಿಲ್ ಟೀಚರ್. ಈ ತಿಂಗಳು ನಮ್ಮ ಬಯಲಿನಲ್ಲೂ ರಿಂಗ್ ಕಟ್ಟಿಸಿದೆ. ಹುಡುಗಿಯರಿಗೆ ಇದು ನಿಯಮದಲ್ಲಿಲ್ಲ ಎಂದು ಹೆಡ್‌ಮಾಸ್ತರರು ಎರಡು ಸಲ ಕರೆಸಿ ಹೇಳಿದರು. ಎರಡೂ ಸಲ ಕೇಳಿಸಿಕೊಂಡು ಬಂದೆ, ಬಿಚ್ಚಲಿಲ್ಲ. ಮೊನ್ನೆ ನೇಕಾರರ ಮನೆಯ ಏಳನೇ ತರಗತಿಯ ಹುಡುಗಿಯೊಬ್ಬಳು ಹಲ್ಲು ಕಚ್ಚಿ, ಹನ್ನೊಂದು ಎಣಿಸುವ ತನಕ ತೋಳು ಮಣಿಸದೆ ನಿಂತಳು. ಆ ಸುದ್ದಿ ಯಾರಿಗೆ ಹೇಳಬೇಕಿತ್ತೋ, ಅವರೊಬ್ಬರೇ ಇಲ್ಲ.