ಕಂಬದ ಬುಡಕ್ಕೆ ಹಚ್ಚಿದ ಅರಗು

ಮಿಷನ್ನು ಬಂದ ದಿನವೇ ನನಗೆ ಅನುಮಾನ. ಪೆಟ್ಟಿಗೆಯ ಒಂದು ಮೂಲೆ ಜಜ್ಜಿಹೋಗಿತ್ತು. ಲಗೇಜ್ ಆಟೋದವನನ್ನು ಕೇಳಿದರೆ, "ನಾನ್ ಹೇರ್ಕೊಂಡಾಗ್ಲೇ ಹಂಗಿತ್ತು ಕಣಕ್ಕ" ಅಂದ. ಎಲ್ಲ ಆಟೋದವರೂ ಹೇಳುವುದು ಅದನ್ನೇ. ನನಗೆ ಮೊದಲಿನಿಂದಲೂ ಜನರ ಮೇಲೆ ನಂಬಿಕೆ ಕಡಿಮೆ. ತರಕಾರಿಯವನು ತಕ್ಕಡಿ ಎತ್ತಿದರೆ ನಾನು ಬದನೆಕಾಯಿ ನೋಡುವುದಿಲ್ಲ, ಅವನ ಕಿರುಬೆರಳು ನೋಡುತ್ತೇನೆ. ಚನ್ನಪಟ್ಟಣದಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡು ಇಷ್ಟು ವರ್ಷ ಯಾರ ಕೈಯಲ್ಲೂ ಟೋಪಿ ಹಾಕಿಸಿಕೊಂಡಿಲ್ಲ ಎಂದರೆ ಈ ಗುಣದಿಂದಲೇ.

ಅದು ಹವ್ಯಾಸದವರು ಮನೆಯಲ್ಲಿಟ್ಟುಕೊಳ್ಳುವಂಥ ಸಣ್ಣ ಮಿಲ್ಲಿಂಗ್ ಮಿಷನ್. ಕೆಳಗೆ ಕಬ್ಬಿಣದ ಪೀಠ, ಅದರ ಮೇಲೆ ಅತ್ತಿತ್ತ ಸರಿಯುವ ಟೇಬಲ್, ಹಿಂದೆ ಒಂದು ಕಂಬ, ಕಂಬದಿಂದ ಕೆಳಮುಖವಾಗಿ ತಿರುಗುವ ಕಟರ್. ಬ್ಲೌಸುಗಳಿಗೆ ಬಣ್ಣದ ಮರದ ಗುಂಡಿ ಮಾಡಿಕೊಳ್ಳುತ್ತೇನೆ ಅಂತ ಊರಿಗೆಲ್ಲ ಹೇಳಿದ್ದೆ. ಗುಂಡಿಯ ಹುಚ್ಚು ಇದ್ದದ್ದು ನಿಜ, ಆದರೆ ಅದು ಅರ್ಧ ನೆಪ. ಅಸಲು ಕಾರಣ ನನ್ನ ಅಣ್ಣ.

ಅಣ್ಣ ಬೊಂಬೆ ಕೆಲಸದವನು. ಬುದ್ಧಿ ಬಂದಾಗಿನಿಂದ ಲೇತಿನ ಮುಂದೆ ಕೂತು ಹಾಲೆಮರದ ತುಂಡಿಗೆ ಉಳಿ ಹಿಡಿದು ಬದುಕಿದವನು. ಕೈ ನಡುಗಲು ಶುರುವಾದ ಮೇಲೆ ಉಳಿ ಕೆಳಗಿಟ್ಟ. "ಒಸಿ ನಡುಗ್ತದೆ ಅಷ್ಟೆ ಕಣಮ್ಮಿ, ವಯಸ್ಸಾಯ್ತಲ್ಲ" ಅಂದುಬಿಟ್ಟು, ಬೆಳಗಿನಿಂದ ಸಂಜೆಯವರೆಗೆ ಜಗಲಿಯ ಮೇಲೆ ಕೂತು ಹೋಗುವ ಬರುವ ಬಸ್ಸು ನೋಡುತ್ತಿದ್ದ. ಅವನು ಹಾಗೆ ಕೂತಿರುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ಮಿಲ್ಲಿಂಗ್ ಮಿಷನ್ನಿನಲ್ಲಾದರೆ ಹತಾರವನ್ನು ಹಿಡಿದುಕೊಳ್ಳುವುದು ಕಬ್ಬಿಣ, ನಮ್ಮ ಕೈ ಬರೀ ಚಕ್ರ ತಿರುಗಿಸಿದರೆ ಸಾಕು. ಅಣ್ಣ ಮತ್ತೆ ಕೆಲಸಕ್ಕೆ ಕೂರಬೇಕು, ಅದೊಂದೇ ಆಸೆ ನನಗೆ. ಅದಕ್ಕೇ ಮಿಷನ್ನನ್ನು ನನ್ನ ಅಂಗಡಿಯಲ್ಲಿಡದೆ ಅವನ ಮನೆಯ ಪಡಸಾಲೆಯಲ್ಲಿ ಕೂರಿಸಿದೆ. ಸರಿಹೋಗದಿದ್ದರೆ ತಿಂಗಳೊಳಗೆ ವಾಪಸ್ ತೆಗೆದುಕೊಳ್ಳುತ್ತೇವೆ ಎಂದು ಮಾರಿದವರು ಹೇಳಿದ್ದರು.

ಮೊದಲನೇ ಗುಂಡಿಗೇ ತೂತು ಓರೆ. ನೋಡಿದ್ರಾ, ಬೇರೆ ಯಾರೋ ವಾಪಸ್ ಮಾಡಿದ ಮಾಲನ್ನು ಒರೆಸಿ ನನ್ನ ತಲೆಗೆ ಕಟ್ಟಿದ್ದಾರೆ ಅಂದುಕೊಂಡೆ. ಫೋನ್ ಮಾಡಿ ಬೆವರಿಳಿಸಿದೆ. ಆ ಕಡೆಯವನು ಮಾತ್ರ ತಣ್ಣಗೆ, "ಮೇಡಂ, ಹೊಸ ಮಿಷನ್ ಯಾವುದಾದ್ರೂ ಅಷ್ಟೇ, ಕೂರಿಸಿದ ಮೇಲೆ ಒಂದ್ಸಲ ಅಲೈನ್‌ಮೆಂಟ್ ಮಾಡ್ಕೋಬೇಕು, ಡಯಲ್ ಹಾಕಿ ನೋಡಿ" ಅಂದ. ತಪ್ಪಿಸಿಕೊಳ್ಳುವ ಮಾತು ಎನಿಸಿದರೂ ಡಯಲ್ ತರಿಸಿದೆ, ಗಡಿಯಾರದ ಹಾಗೆ ಮುಳ್ಳಿರುವ ಸಣ್ಣ ಅಳತೆಯ ಉಪಕರಣ ಅದು. ಹೊಲಿಗೆ ಮಿಷನ್ನುಗಳನ್ನು ನಾನೇ ಬಿಚ್ಚಿ ಜೋಡಿಸುವವಳು, ಇದೇನು ಮಹಾ!

ಕಟರ್ ಇರುವ ಜಾಗಕ್ಕೆ ಡಯಲ್ ಸಿಕ್ಕಿಸಿ, ಅದರ ಮೊನೆ ಟೇಬಲ್ಲಿಗೆ ತಾಗುವ ಹಾಗೆ ಇಟ್ಟು, ಕೈಯಲ್ಲೇ ನಿಧಾನಕ್ಕೆ ಒಂದು ಸುತ್ತು ತಿರುಗಿಸಬೇಕು. ಸುತ್ತಲೂ ಮುಳ್ಳು ಕದಲದೆ ನಿಂತರೆ ಕಂಬ ನೆಟ್ಟಗಿದೆ ಅಂತ ಅರ್ಥ. ನಮ್ಮದು ಎಡಗಡೆಯಿಂದ ಬಲಗಡೆಗೆ ಬರುವಷ್ಟರಲ್ಲಿ ಕುಣಿದಾಡಿತು. ಕಂಬದ ಹಿಂದಿನ ದೊಡ್ಡ ನಟ್ಟು ಸಡಿಲ ಮಾಡಿ, ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ, ಮುಳ್ಳು ನಿಂತ ಮೇಲೆ ಬಿಗಿದೆ. ಆಮೇಲೆ ಪೀಠದ ಬೋಲ್ಟುಗಳನ್ನು ಬೆಂಚಿಗೆ ಬಿಗಿದರೆ ಮುಳ್ಳು ಮತ್ತೆ ಓಡಿತು. ಬೋಲ್ಟು ಬಿಟ್ಟರೆ ಸರಿ, ಬಿಗಿದರೆ ಸೊಟ್ಟ. ಹಾಗಾದರೆ ಪೀಠದ ಕೆಳಗೆ ಏನೋ ಇದೆ, ಬಿಗಿದಾಗೆಲ್ಲ ಪೀಠವೇ ತಿರುಚಿಕೊಳ್ಳುತ್ತಿದೆ.

ಎತ್ತಿ ನೋಡಿದೆ. ಒಂದು ಕಾಲಿನ ಕೆಳಗೆ, ಅರಿಶಿನದ ಬಟ್ಟೆಯಲ್ಲಿ ಸುತ್ತಿದ ನಾಣ್ಯ.

ಅತ್ತಿಗೆಯನ್ನು ಕೂಗಿದೆ. ಕುದೂರು ಕಡೆಯ ಹೆಂಗಸು, ಮಾತಿಗೆ ಸೋಲುವವಳಲ್ಲ. "ನಾನೇ ಮಡಗ್ದೆ ಕಣವ್ವ, ಒಳ್ಳೇದಾಗ್ಲಿ ಅಂತ. ಬಾಗ್ಲು ನಿಲ್ಸುವಾಗ ಹೊಸ್ಲು ಕೆಳಗ್ ಮಡಗಲ್ವಾ?"

"ಇದು ಬಾಗಿಲಾ ಅತ್ಗೆ?"

"ಇನ್ಮೇಲೆ ಈ ಮನೆಗೆ ಲಕ್ಷ್ಮಿ ಬರೋದು ಇದ್ರಿಂದ್ಲೇ ಅಂತ ನೀನೇ ಅಂದ್ಯಲ್ಲ. ಅಂದ್ಮೇಲೆ ಬಾಗ್ಲೇ ಆಯ್ತು."

ನಾಣ್ಯ ದೇವರ ಗೂಡಿಗೆ ಹೋಯಿತು. ಆದರೂ ನನಗೆ ಒಳಗೊಳಗೇ ಒಂದು ಅನುಮಾನ. ಪಡಸಾಲೆಯಲ್ಲಿ ಅರ್ಧ ಜಾಗ ನುಂಗಿದ ಈ ಕಬ್ಬಿಣ ಅತ್ತಿಗೆಗೆ ಇಷ್ಟವಿರಲಿಲ್ಲ, ಧೂಳು ಗುಡಿಸುವಾಗೆಲ್ಲ ಗೊಣಗುತ್ತಿದ್ದಳು. ಒಳ್ಳೇದಾಗಲಿ ಅಂತ ಇಟ್ಟಳೋ, ತೊಲಗಲಿ ಅಂತ ಇಟ್ಟಳೋ, ದೇವರಿಗೇ ಗೊತ್ತು.

ಅವತ್ತು ಎಲ್ಲ ಮತ್ತೆ ಕೂರಿಸಿ ಡಯಲ್ ತಿರುಗಿಸಿದರೆ ಮುಳ್ಳು ಮಿಸುಕಲಿಲ್ಲ. ನಾನು ಕೊರೆದ ಗುಂಡಿಗಳ ತೂತು ನೆಟ್ಟಗೆ ಬಂದವು. ಅಣ್ಣ ಒಂದನ್ನು ಬೆಳಕಿಗೆ ಹಿಡಿದು ನೋಡಿ, "ಪರ್ವಾಗಿಲ್ವೇ" ಅಂದ. ಗೆದ್ದೆ ಅಂದುಕೊಂಡು, ನಾಳೆಯಿಂದ ನೀನೇ ಮಾಡು ಅಂತ ಅವನಿಗೆ ಒಪ್ಪಿಸಿ ಬಂದೆ.

ಮಾರನೆಯ ಮಧ್ಯಾಹ್ನ ಅಂಗಡಿಗೆ ಫೋನು. "ಮತ್ತೆ ಸೊಟ್ಟ ಆಗ್ಬುಡ್ತು ಕಣಮ್ಮಿ. ಇದು ಆಗೋದಲ್ಲ, ವಾಪಸ್ ಕಳ್ಸ್ಬುಡು." ಓಡಿಹೋಗಿ ಡಯಲ್ ಹಾಕಿದರೆ ಹೌದು, ಸೊಟ್ಟ. ಸರಿ ಮಾಡಿ ಬಂದೆ. ಮತ್ತೆ ಫೋನು, ಮತ್ತೆ ಅದೇ ಮಾತು, ವಾಪಸ್ ಕಳ್ಸ್ಬುಡು. ಬಿಗಿದ ನಟ್ಟು ತಾನಾಗೇ ಸಡಿಲವಾಗುತ್ತದೆಯೇ? ಯಾರೋ ಕೈಯಾಡಿಸುತ್ತಿದ್ದಾರೆ. ನನ್ನ ಎದೆಯಲ್ಲಿ ಬೆಂಕಿ ಬಿತ್ತು. ಯಾರಿಗೆ ಬೇಡವಾಗಿದೆ, ಅಣ್ಣ ದುಡಿಯುವುದು?

ಈ ಸಲ ಕಂಬ ನೆಟ್ಟಗೆ ಮಾಡಿ ಬಿಗಿದ ಮೇಲೆ, ಯಾರಿಗೂ ಕಾಣದ ಹಾಗೆ, ಬೊಂಬೆಗೆ ಹಾಕುವ ಕೆಂಪು ಅರಗಿನ ಕಡ್ಡಿಯನ್ನು ಬಿಸಿ ಮಾಡಿ ಕಂಬವೂ ಪೀಠವೂ ಸೇರುವ ಸಂದಿಗೆ ಅಡ್ಡಲಾಗಿ ಒಂದು ಗೆರೆ ಹಚ್ಚಿದೆ. ಆರಿದ ಅರಗು ಗಾಜಿನ ಹಾಗೆ. ಕಂಬ ಕೂದಲೆಳೆಯಷ್ಟು ಜರುಗಿದರೂ ಬಿರುಕು ಬಿಡಲೇಬೇಕು. ಮರುದಿನ ನೋಡಿದರೆ ಅರಗು ಒಡೆದು ಚೂರು ಬೆಂಚಿನ ಮೇಲೆ ಬಿದ್ದಿತ್ತು.

"ಅತ್ಗೆ, ನಿಜ ಹೇಳಿ, ನೀವೇನಾದ್ರೂ ಮುಟ್ಟಿದ್ರಾ?"

"ನಂಗೇನ್ ಬ್ಯಾರೆ ಕ್ಯಾಮೆ ಇಲ್ವಾ?" ಅತ್ತಿಗೆಯ ಕಣ್ಣು ಕೆಂಪಾಯಿತು. "ನನ್ ಗಂಡ ಕೆಲ್ಸಕ್ ಕೂತ್ರೆ ನಂಗ್ ಹೊಟ್ಟೆ ಉರಿ ಅಂತ ತಿಳ್ಕಂಡಿದ್ದೀಯಾ? ಥೂ, ಎಂಥಾ ಮನ್ಸವ್ವ ನಿಂದು!"

ಅಷ್ಟು ಅನ್ನಿಸಿಕೊಂಡರೂ ನನ್ನ ಅನುಮಾನ ಅವಳನ್ನು ಬಿಡಲಿಲ್ಲ. ಹೊಸದಾಗಿ ಅರಗು ಹಚ್ಚಿ, "ರಾಮನಗರಕ್ಕೆ ಬಟ್ಟೆ ತರಕ್ಕೆ ಹೋಗ್ತೀನಿ, ಬರೋದು ಸಂಜೆಯಾಗ್ತದೆ" ಎಂದು ಇಬ್ಬರಿಗೂ ಕೇಳುವಂತೆ ಹೇಳಿ ಹೊರಟೆ. ಬಸ್ ಸ್ಟ್ಯಾಂಡಿನಲ್ಲಿ ಒಂದು ಕಾಫಿ ಕುಡಿದು ಹಿಂದಕ್ಕೆ ಬಂದು, ಪಡಸಾಲೆಯ ಕಿಟಕಿಯ ಪಕ್ಕ ಕಳ್ಳಿಯ ಹಾಗೆ ನಿಂತೆ. ಅತ್ತಿಗೆ ಹಿತ್ತಲಲ್ಲಿ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

ಮಿಷನ್ನಿನ ಮುಂದೆ ಇದ್ದವನು ಅಣ್ಣ. ಗುಂಡಿಯ ಬಿಲ್ಲೆಯೊಂದನ್ನು ಟೇಬಲ್ಲಿನ ಮೇಲೆ ಅದನ್ನು ಬಿಗಿಹಿಡಿಯುವ ಇಕ್ಕಳದೊಳಗೆ ಕೂರಿಸಲು ನೋಡುತ್ತಿದ್ದ. ಬಿಲ್ಲೆ ಒಳಗೆ ಹೋಗುತ್ತಿರಲಿಲ್ಲ. ಹೋದರೆ ಓರೆಯಾಗಿ ಕೂರುತ್ತಿತ್ತು. ಬಲಗೈಯನ್ನು ಎಡಗೈಯಿಂದ ಅದುಮಿ ಹಿಡಿದರೆ ಎರಡೂ ಸೇರಿ ನಡುಗುತ್ತಿದ್ದವು. ಒಸಿ ನಡುಗುವುದಲ್ಲ ಅದು. ಹಾಗೇ ಕೊರೆದ. ತೂತು ಅಂಚಿಗೆ ಹೋಗಿ ಬಿಲ್ಲೆ ಸೀಳಿತು. ಅದನ್ನು ಜೇಬಿಗೆ ಹಾಕಿಕೊಂಡು, ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ, ಸ್ಪ್ಯಾನರ್ ಎತ್ತಿಕೊಂಡು ಕಂಬದ ಹಿಂದಿನ ನಟ್ಟಿಗೆ ಹಾಕಿದ. ನಟ್ಟು ಸಡಿಲವಾದ ಮೇಲೆ ಅಂಗೈಯಿಂದ ಕಂಬಕ್ಕೆ ಒಂದು ಗುದ್ದು ಕೊಟ್ಟ.

ನಾನು ಒಳಗೆ ಹೋದೆ. ಅಣ್ಣ ನನ್ನ ಮುಖ ನೋಡಲಿಲ್ಲ.

"ಮಿಷನ್ ಸೊಟ್ಟ ಅಂದ್ರೆ ನೀನು ವಾಪಸ್ ಕಳಿಸ್ತೀಯ," ಅಂದ. "ಈ ಕೈನ ಯಾರಿಗೆ ವಾಪಸ್ ಕಳಿಸ್ಲಿ ಹೇಳಮ್ಮಿ?"

ನನಗೆ ಅಳು ತಡೆಯಲಾಗಲಿಲ್ಲ. ಸದ್ದು ಕೇಳಿ ಅತ್ತಿಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಸಡಿಲ ನಟ್ಟನ್ನೂ ಅಣ್ಣನ ಕೈಲಿದ್ದ ಸ್ಪ್ಯಾನರನ್ನೂ ನೋಡಿದಳು.

"ಏನಿಲ್ಲ ಅತ್ಗೆ," ಅಂದೆ ನಾನು, ಕಣ್ಣೊರೆಸಿಕೊಂಡು. "ಮಿಷನ್ನೇ ಸರಿ ಇಲ್ಲ. ಅಣ್ಣ ರಿಪೇರಿ ಮಾಡ್ತಿದ್ದ."

ಅತ್ತಿಗೆ ನನ್ನನ್ನು ಸುಮ್ಮನೆ ನೋಡಿದಳು. ತನ್ನನ್ನು ಕಳ್ಳಿ ಅಂದುಕೊಂಡ ನನ್ನ ಮೇಲೆ ಆ ನೋಟದಲ್ಲಿ ಸಿಟ್ಟು ಕೂಡ ಇರಲಿಲ್ಲ. ಅಣ್ಣನ ಕೈಯಿಂದ ಸ್ಪ್ಯಾನರ್ ತೆಗೆದು ಬೆಂಚಿನ ಮೇಲಿಟ್ಟಳು.

"ನಂತಾವ ಯಾಕವ್ವ ಮುಚ್ಚಿಡ್ತೀರಿ?" ಅಂದಳು. "ವರ್ಷದಿಂದ ನಾನು ಇವ್ರಿಗೆ ಕಾಫಿ ಅರ್ಧ ಲೋಟಾನೇ ಕೊಡ್ತಾ ಇವ್ನಿ, ತುಳುಕ್ಬಾರ್ದು ಅಂತ. ಯಾಕೆ ಅರ್ಧ ಅಂತ ಒಂದಿನಾನೂ ಕೇಳ್ನಿಲ್ಲ ಇವ್ರು."