ಶ್ರೀಲಂಕೆಯ ಎಡದ ತೀರ

ಮೊಮ್ಮಗಳ ಶಾಲೆಯಲ್ಲಿ ಶ್ರೀಲಂಕೆಯ ನಕಾಶೆ ಬರೆದು ತರಲು ಹೇಳಿದ್ದರು. ಅಜ್ಜಿ ಭೂಗೋಳದ ಟೀಚರಾಗಿದ್ದವಳು, ಲಕ್ವ ಹೊಡೆದು ಆಸ್ಪತ್ರೆಯಿಂದ ಮನೆಗೆ ಬಂದು ಬೇಜಾರಿನಲ್ಲಿ ಕೂತಿದ್ದಾಳೆ ಎಂದು ಕಾಗದ, ಪೆನ್ಸಿಲ್ ನನ್ನ ಮುಂದೆ ಬಂತು. ಮುಂಬಯಿ ಹತ್ತಿರದ ಡೊಂಬಿವಲಿಯ ಕನ್ನಡ ಶಾಲೆಯಲ್ಲಿ ಇದ್ದಷ್ಟು ಕಾಲವೂ ನಾನು ಪುಸ್ತಕ ನೋಡದೆ ಬೋರ್ಡಿನ ಮೇಲೆ ದೇಶಗಳನ್ನು ಬರೆದವಳು. ಶ್ರೀಲಂಕೆ ನನಗೆ ನೀರು ಕುಡಿದಷ್ಟು ಸಲೀಸು. ಜಾಫ್ನಾದಿಂದ ಹೊರಟೆ, ತ್ರಿಂಕೋಮಲಿಯ ಬಂದರಿಗೆ ಒಂದು ಬಾಗು ಕೊಟ್ಟೆ, ಬಟ್ಟಿಕಲೋವಾದ ಹಿನ್ನೀರು ದಾಟಿ ಕೆಳಗಿಳಿದು ದಕ್ಷಿಣದ ತುದಿಯಲ್ಲಿ ಪೆನ್ಸಿಲ್ ಕೆಳಗಿಟ್ಟೆ.

ಮೊಮ್ಮಗಳು ಕಾಗದವನ್ನು ಹಿಂದೆ ಮುಂದೆ ತಿರುಗಿಸಿದಳು. "ಅಜ್ಜೀ, ಬಾಕೀ ಆಧಾ ಕಹಾಂ ಹೈ?"

"ಎಂತ ಅರ್ಧ? ಪೂರ್ತಿ ಉಂಟಲ್ಲ. ಕಣ್ಣು ಬಿಟ್ಟು ನೋಡು ಮಾರಾಯ್ತಿ."

ಸೊಸೆ ಅಡುಗೆಮನೆಯಿಂದ ಬಂದು ನೋಡಿದಳು. ಬಿಜಾಪುರದ ಕಡೆಯ ಹುಡುಗಿ, ಬಾಯಿಗೆ ಬಿಡುವು ಕೊಟ್ಟು ಗೊತ್ತಿಲ್ಲದವಳು, ಆಗ ಮಾತ್ರ ಕಾಗದವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ನನ್ನ ತಟ್ಟೆಯ ಎಡಭಾಗದಲ್ಲಿ ಪಲ್ಯ ಹಾಗೇ ಉಳಿಯುತ್ತಿದ್ದುದು, ಬಾಚಣಿಗೆ ತಲೆಯ ಬಲಗಡೆಯಷ್ಟೇ ಓಡುತ್ತಿದ್ದುದು ಅವಳಿಗೆ ಆಗ ಅರ್ಥವಾಯಿತಂತೆ. ಮರುದಿನವೇ ನನ್ನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಕಲ್ಯಾಣಕ್ಕೆ, ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರಮ್ಮ ತಾಳ್ಮೆಯಿಂದ ಹೇಳಿದರು. ಕಣ್ಣಿಗೆ ಏನೂ ಆಗಿಲ್ಲ, ಎಡಗಡೆ ಎಂಬುದೊಂದು ಇದೆ ಎನ್ನುವುದನ್ನೇ ಮೆದುಳು ಮರೆತುಬಿಟ್ಟಿದೆ. ಅಭ್ಯಾಸ ಮಾಡಿಸಿದರೆ ಮರಳಬಹುದು, ಮರಳುವವರೆಗೆ ಇವರನ್ನು ಮನೆಯಲ್ಲಿ ಒಬ್ಬರನ್ನೇ ಬಿಡಬೇಡಿ. ಎಡಗಡೆಯ ಒಲೆ ಉರಿಯುತ್ತಿದ್ದರೂ ಇವರಿಗೆ ಕಾಣುವುದಿಲ್ಲ, ರಸ್ತೆಯಲ್ಲಿ ಎಡದಿಂದ ಗಾಡಿ ಬಂದರೂ ಅಷ್ಟೇ. ಆದಷ್ಟು ಎಡಗಡೆ ಕೂತೇ ಮಾತಾಡಿಸಿ, ಹುಡುಕಲಿ ಅಂದರು.

ನನಗೆ ಚಿಂತೆ ಹತ್ತಿದ್ದು ನನ್ನ ಬಗ್ಗೆ ಅಲ್ಲ, ಸೊಸೆಯ ಬಗ್ಗೆ. ಸೊಸೆಗೆ ಭಿವಂಡಿಯ ಒಂದು ಗೋದಾಮಿನ ಆಫೀಸಿನಲ್ಲಿ ಕೆಲಸ. ಲಾರಿಗೆ ಯಾವ ಮಾಲು ಹತ್ತಿತು, ಯಾವುದು ಇಳಿಯಿತು ಎಂದು ನೋಡಿಕೊಳ್ಳುವ ಕೆಲಸ. ಅವರ ಮನೆತನದಲ್ಲಿ ಕುರ್ಚಿಯ ಮೇಲೆ ಕೂತು ದುಡಿದ ಮೊದಲ ಹೆಂಗಸು ಅವಳು. ಮಗನ ಡ್ಯೂಟಿ ನವಿ ಮುಂಬಯಿಯಲ್ಲಿ, ಬೆಳಿಗ್ಗೆ ಹೋದರೆ ರಾತ್ರಿಯೇ. ಹಾಗಾಗಿ ರಜೆ ಹಾಕಿದವಳು ಇವಳು. ಸುಪರ್‌ವೈಸರ್ ಫೋನಿನ ಮೇಲೆ ಫೋನು ಮಾಡುತ್ತಿದ್ದ, ಈ ತಿಂಗಳು ನೋಡ್ತೇನೆ, ಆಮೇಲೆ ಬೇರೆಯವರನ್ನು ತೆಗೆದುಕೊಳ್ತೇನೆ ಎನ್ನುತ್ತಿದ್ದ. ನನ್ನ ಎಡಗಡೆ ಮರಳದಿದ್ದರೆ ಅವಳ ಕೆಲಸ ಹೋದಂತೆಯೇ ಲೆಕ್ಕ.

ಅವಳು ಅಳುತ್ತಾ ಕೂರುವ ಪೈಕಿ ಅಲ್ಲ. ಒಂದು ರಟ್ಟಿನ ಪೆಟ್ಟಿಗೆ ಕತ್ತರಿಸಿ, ಮೊಮ್ಮಗಳ ಪುಸ್ತಕ ನೋಡಿ ಶ್ರೀಲಂಕೆಯ ಸುತ್ತಿನ ಗೆರೆಯನ್ನು ದೊಡ್ಡದಾಗಿ ಎಳೆದು, ಅದರ ಗುಂಟ ಸುತಳಿ ಅಂಟಿಸಿ, ಹೊರಡುವ ಜಾಗದ ಗುರುತಿಗೆ ಮೇಲಿನ ತುದಿಯಲ್ಲಿ ಒಂದು ಗಂಟು ಹಾಕಿ ನನ್ನ ತೊಡೆಯ ಮೇಲಿಟ್ಟಳು.

"ಅತ್ತಿ, ಸುತಳಿ ಮ್ಯಾಲ ಬೆರಳಿಡ್ರಿ. ಬೆರಳ ಹಿಂದ ಕಣ್ಣು ಬರಲಿ. ನಡುವ ನಿಲ್ಲಬ್ಯಾಡ್ರಿ. ದ್ವೀಪ ಅಂದಮ್ಯಾಲ ಹೊಂಟಲ್ಲಿಗೇ ಬಂದು ಮುಟ್ಟಬೇಕಲ್ರೀ?"

ಅಬ್ಬಾ, ಎಂಥ ಬುದ್ಧಿ! ದ್ವೀಪಕ್ಕೆ ಗಡಿಯ ತಂಟೆ ಇಲ್ಲ, ಸುತ್ತಲೂ ನೀರು. ಕಡಲು ಹಿಡಿದು ನಡೆದರೆ ಮೊದಲಿನ ಜಾಗಕ್ಕೇ ಬರಬೇಕು. ಇಷ್ಟು ವರ್ಷ ಮಕ್ಕಳಿಗೆ ನಾನು ಹೇಳಿಕೊಟ್ಟ ಮಾತನ್ನೇ ನನಗೆ ಹೇಳಿದಳು.

ಅವಳಿಗೆ ಊರುಗಳ ಹೆಸರು ಬರುತ್ತಿರಲಿಲ್ಲ. "ಮುಂದ ಯಾವ ಊರ್ರೀ?" ಎಂದು ಕೇಳುತ್ತಿದ್ದಳು, ನಾನು ಪಾಠ ಶುರು ಮಾಡುತ್ತಿದ್ದೆ. ಉತ್ತರದಲ್ಲಿ ಬಟ್ಟಬಯಲು, ಸುಣ್ಣದ ಕಲ್ಲಿನ ನೆಲ, ಬಾವಿ ನೀರೇ ಗತಿ. ನಡುವೆ ದಕ್ಷಿಣಕ್ಕೆ ಸರಿದು ಬೆಟ್ಟಗಳು, ಅಲ್ಲೇ ಚಹಾ ತೋಟ. ಆ ಬೆಟ್ಟಗಳಲ್ಲಿ ಹುಟ್ಟಿದ ಹೊಳೆಗಳು ನಾಲ್ಕೂ ದಿಕ್ಕಿಗೆ ಓಡುತ್ತವೆ, ಅವುಗಳಲ್ಲಿ ಉದ್ದದ್ದು ಮಹಾವೇಲಿ, ಪೂರ್ವಕ್ಕೆ ಹೋಗಿ ತ್ರಿಂಕೋಮಲಿಯ ಹತ್ತಿರ ಕಡಲು ಸೇರುತ್ತದೆ.

"ಒಂದ ಗುಡ್ಡದಾಗ ಹುಟ್ಟಿ ಎಲ್ಲಾ ದಿಕ್ಕಿಗೂ ಹೊಳಿ? ನಮ್ಮ ಕಡೆ ಒಂದ ದಿಕ್ಕಿಗೆ ನೀರು ಬಂದ್ರ ಸಾಕಾಗೇತ್ರಿ," ಎಂದು ನಕ್ಕಳು.

ದಕ್ಷಿಣದ ಮಾತರಾಕ್ಕೆ ಬಂದಾಗ ಮಾತ್ರ ನನ್ನ ಬೆರಳು ನಿಲ್ಲುತ್ತಿತ್ತು. "ಮುಗೀತು," ಎನ್ನುತ್ತಿದ್ದೆ.

"ಎಲ್ಲಿ ಮುಗೀತ್ರಿ? ಕೊಲಂಬೊ ಎಲ್ಲಿ ಹೋತು?"

ಕೊಲಂಬೊ ಪಶ್ಚಿಮದಲ್ಲಿದೆ ಎಂದು ನನಗೆ ಗೊತ್ತು. ನೈಋತ್ಯದ ಮಳೆ ಆ ತೀರಕ್ಕೇ ಮೊದಲು ಬಡಿಯುತ್ತದೆ, ಅಲ್ಲಿ ತೆಂಗು, ದಾಲ್ಚಿನ್ನಿ, ಜನಸಂದಣಿ ಎಂದು ಒಂದೇ ಉಸಿರಿಗೆ ಹೇಳಬಲ್ಲೆ. ರಟ್ಟಿನ ಮೇಲೆ ಇಡಲು ಮಾತ್ರ ಅದಕ್ಕೆ ಜಾಗವೇ ಇರಲಿಲ್ಲ. ಆಗ ನಿಜವಾಗಿ ಹೆದರಿಕೆಯಾಯಿತು. ಹೆದರಿಕೆಯಾದರೆ ನನಗೆ ಬರುವುದು ಸಿಟ್ಟು. ರಟ್ಟನ್ನು ತಳ್ಳಿ, "ನಿನ್ನ ಸುತಳಿಯೂ ಬೇಡ, ನೀನೂ ಬೇಡ, ಡ್ಯೂಟಿಗೆ ಹೋಗು, ನನ್ನ ಪ್ರಾಣ ಹಿಂಡಬೇಡ," ಎಂದು ಕೂಗಾಡಿದ್ದೂ ಉಂಟು. "ಬೈರಿ, ಬೈಕೋತನ ಬೆರಳಿಡ್ರಿ," ಎಂದು ಎಡಗಡೆಯಿಂದ ದನಿ ಬರುತ್ತಿತ್ತು. ಎಲ್ಲಿಂದ ಬಂತು ಎಂದು ನಾನು ಬಲಗಡೆ ಹುಡುಕುತ್ತಿದ್ದೆ.

ದಿನಾ ಹೀಗೇ. ಗಾಲೆಯ ತನಕ ಬಂದೆ. ಒಂದು ವಾರ ಅಲ್ಲಿಂದ ಮುಂದೆ ಹೋಗಲೇ ಆಗಲಿಲ್ಲ. ಕೊಲಂಬೊ ಮುಟ್ಟಿದ ದಿನ ಅವಳು ಶಿರಾ ಮಾಡಿದಳು.

ಆಮೇಲೆ ಒಂದು ಮಧ್ಯಾಹ್ನ. ಮೊಮ್ಮಗಳು ಶಾಲೆಗೆ ಹೋಗಿದ್ದಳು. ಸೊಸೆ ರಟ್ಟನ್ನು ಕೊಟ್ಟು ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಅವಳ "ಮುಂದ ಯಾವ ಊರ್ರೀ?" ನಿಂತುಹೋಯಿತು. ಕರೆದೆ, ಉತ್ತರವಿಲ್ಲ. ಎದ್ದು ಹೋಗಿರಬೇಕು ಎಂದುಕೊಂಡು ಒಬ್ಬಳೇ ಹೊರಟೆ. ಮಾತರಾ, ಗಾಲೆ, ಕೊಲಂಬೊ. ಪುತ್ತಲಂನಲ್ಲಿ ಸುತಳಿ ಹಿನ್ನೀರಿನ ಕಡೆ ಒಳಗೆ ತಿರುಗುತ್ತದೆ, ಅಲ್ಲಿ ತಡವರಿಸಿದೆ. ಕತ್ತು ತಿರುಗಿಸು, ಕತ್ತು ತಿರುಗಿಸು ಎಂದು ನನಗೆ ನಾನೇ ಹೇಳಿಕೊಂಡೆ. ಮನ್ನಾರ್ ಬಂತು, ರಾಮೇಶ್ವರದ ಕಡೆ ಚಾಚಿದ ಮರಳ ದಿಬ್ಬಗಳ ತಾವು. ಅಲ್ಲಿಂದ ಮೇಲಕ್ಕೆ. ಬೆರಳಿಗೆ ಸುತಳಿಯ ಗಂಟು ಸಿಕ್ಕಿತು. ಜಾಫ್ನಾ! ಹೊರಟಲ್ಲಿಗೇ ಬಂದಿದ್ದೆ.

ಆ ಖುಷಿಯಲ್ಲಿ ತಿರುಗಿದ ಕತ್ತು ಇನ್ನೂ ಸ್ವಲ್ಪ ಎಡಕ್ಕೆ ತಿರುಗಿತು. ರಟ್ಟಿನಾಚೆ ಗೋಡೆ ಇತ್ತು. ಗೋಡೆಗೆ ಕಿಟಕಿ. ಆ ಕಡೆ ನಮ್ಮ ಮನೆಗೆ ಕಿಟಕಿ ಇದೆ ಎನ್ನುವುದೇ ಮರೆತುಹೋಗಿತ್ತು, ಠಾಕುರ್ಲಿಯ ಕಡೆಯ ಲೋಕಲ್ ರೈಲುಗಳು ಅದರಲ್ಲಿ ಹಾಯುತ್ತಿದ್ದವು. ಕಿಟಕಿಯ ಕೆಳಗೆ, ಕೈಯಳತೆಯಲ್ಲಿ, ಗೋಡೆಗೊರಗಿ ನನ್ನ ಸೊಸೆ ಕೂತಲ್ಲೇ ನಿದ್ದೆ ಹೋಗಿದ್ದಳು.

ಎಷ್ಟು ಇಳಿದುಹೋಗಿದ್ದಳು ಹುಡುಗಿ! ಕಣ್ಣಿನ ಕೆಳಗೆ ಕಪ್ಪು, ತಲೆ ಬಾಚಿಲ್ಲ, ಕುರ್ತಾದ ತೋಳಿಗೆ ಹಿಟ್ಟು. ಇಷ್ಟು ವಾರ ಅವಳ ಕೈಯಿಂದ ಉಂಡಿದ್ದೆ, ಅವಳ ದನಿ ಕೇಳಿ ಬೈದಿದ್ದೆ. ಅವಳ ಮುಖವನ್ನು ಮಾತ್ರ ನಿಂತು ನೋಡಿರಲಿಲ್ಲ.

ನಾನು ಅಲುಗಾಡಿದ್ದಕ್ಕೆ ಎಚ್ಚರವಾಗಿ ಗಡಬಡಿಸಿದಳು. "ಅತ್ತಿ, ಏನ್ ಬೇಕ್ರೀ?"

"ಏನೂ ಬೇಡ. ನೀನು ಕಾಣ್ತಾ ಇದ್ದೀ."

ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಮೆಲ್ಲಗೆ ಕೇಳಿದಳು, "ಹಂಗಾರ ನಾ ಡ್ಯೂಟಿಗೆ ಹೋಗಬಹುದೇನ್ರಿ?"

"ಡಾಕ್ಟರಮ್ಮನ ಹತ್ರ ಒಂದು ಮಾತು ಕೇಳಿ ಹೋಗು ಮಗಾ. ಆದ್ರೆ ಈಗ ಏಳಬೇಡ, ಅಲ್ಲೇ ಕೂತ್ಕೊ. ಇನ್ನೂ ಸ್ವಲ್ಪ ನೋಡ್ತೇನೆ."