ಮೂಸಿ ನೋಡಿದ ಬ್ಲಾಕು

ಮಾರುವವನು ನಿಜ ಹೇಳಿದರೆ ಗಿರಾಕಿಗೆ ಅನುಮಾನ ಜಾಸ್ತಿ. ನಮ್ಮ ಕಾಂಕ್ರೀಟ್ ಬ್ಲಾಕಿನಲ್ಲಿ ಸಿಮೆಂಟ್ ಸ್ವಲ್ಪ ಕಡಿಮೆ. ಅದರ ಬದಲಿಗೆ, ಕೊಳಚೆ ನೀರು ಶುದ್ಧ ಮಾಡುವಾಗ ಉಳಿಯುವ ಕೆಸರನ್ನು ಸುಟ್ಟು ಬಂದ ಬೂದಿ ಹಾಕುತ್ತೇವೆ. ನಮ್ಮೂರಿನದೇ ಸಿಂಗಾಪುರ ಬಡಾವಣೆಯಲ್ಲಿ ಮೂರಂತಸ್ತಿನ ಮನೆ ಕಟ್ಟಿಸುತ್ತಿದ್ದ ಮುನಿರಾಜಣ್ಣನಿಗೆ ಇದನ್ನೇ ಹೇಳಿದೆ.

"ಅಂದ್ರೆ, ಕಕ್ಕಸಿಂದಾ?"

"ಸುಟ್ಟಿರೋ ಬೂದಿ ಅಣ್ಣ. ವಾಸ್ನೆ ಬರಲ್ಲ."

"ಒಣಗಿದ್ದಾಗ ಯಾವ್ದ್ ನಾರ್ತೈತೆ?" ಎಂದವರೇ ಬ್ಲಾಕಿನ ಮೇಲೆ ಒಂದು ಚೊಂಬು ನೀರು ಸುರಿದು, ಬಗ್ಗಿ ಮೂಸಿದರು. ಏನೂ ಬರಲಿಲ್ಲ. ಅನುಮಾನ ಇನ್ನೂ ಹೆಚ್ಚಾಯಿತು.

"ಇದಕ್ಕೆ ಸೆಂಟು ಗಿಂಟು ಹಾಕಿದ್ದೀರಾ?"

ಟೆಸ್ಟ್ ರಿಪೋರ್ಟ್ ಕೊಟ್ಟೆ. ಅದನ್ನೂ ಮೂಸುತ್ತಾರೇನೋ ಅನ್ನಿಸಿತು.

"ಆಯ್ತು, ಇಂಗ್ ಮಾಡಿ. ಮೇಲಿನ ಮನೆ ನಮ್ದು, ದೇವ್ರ ಮನೆ ಬರ್ತೈತೆ, ಅಲ್ಲಿಗ್ ಬೇಡ. ಕೆಳಗಿನ ಎರಡೂ ಬಾಡಿಗೆಗೆ. ಅಲ್ಲಿಗೆ ಇದನ್ನೇ ಹಾಕಿ. ಬಾಡಿಗೆಯೋರ್ ಕಿವಿಗೆ ಮಾತ್ರ ಬೀಳ್ದಂಗ್ ನೋಡ್ಕಳಿ."

ಆರ್ಡರ್ ಸಿಕ್ಕ ಖುಷಿಯಲ್ಲಿ ಆರ್.ಟಿ. ನಗರದ ಮನೆಗೆ ಬಂದೆ. ನಾನಿರುವುದೂ ಬಾಡಿಗೆಗೆ, ಓನರ್ ಮೇಲಿನ ಮಹಡಿಯಲ್ಲಿ. ಹೆಂಡತಿ ಅಡುಗೆಮನೆಗೆ ಹೋದದ್ದೇ, ಚೊಂಬಿನಲ್ಲಿ ನೀರು ತಂದು ಗೋಡೆಗೆ ಚಿಮುಕಿಸಿ, ಮೂಗು ಹಚ್ಚಿ ನಿಂತೆ.

ಏನೂ ಬರಲಿಲ್ಲ. ಅನುಮಾನಕ್ಕೆ ಅಷ್ಟು ಸಾಕು.